ಮದುಮಗಳ ಹಿಂದಿನ ಗೋಡೆ

(ಮನ್ನಾಏಖೇಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಮಾತಿಗೆ ಮೊದಲು ಈ ಬಿಳಿ ಧೋತರದ ಮೇಲೆ ಆರು ನಿಮಿಷದ ಒಂದು ತುಣುಕು ತೋರಿಸಿದೆ. 1989ರ ಬೇಸಿಗೆಯಲ್ಲಿ ಇದೇ ಊರಲ್ಲಿ ಆದ ನನ್ನ ತಂಗಿಯ ಲಗ್ನದ ಕ್ಯಾಸೆಟ್ಟಿನದು ಅದು. ಅದು ಓಡುವಾಗ ನಾನು ಪರದೆ ನೋಡಲಿಲ್ಲ, ನಿಮ್ಮನ್ನು ನೋಡುತ್ತಿದ್ದೆ. ಮೊದಲ ಒಂದು ನಿಮಿಷ ಎಲ್ಲರೂ ಸಭ್ಯರಾಗಿ ಕೂತಿದ್ದಿರಿ. ಆಮೇಲೆ ಮೂರನೇ ಸಾಲಿನಿಂದ ಒಂದು ಹೆಣ್ಣುದನಿ, "ಅಕಾ, ನಮ್ಮ ಮುತ್ತ್ಯಾ!" ಅಲ್ಲಿಂದ ಮುಂದೆ ಸಭೆ ಕೈಗೆ ಸಿಗಲಿಲ್ಲ. "ಅದು ಹಳೇ ಗಿರಣಿ ನೋಡ್ರಿ." "ಆ ಬೇವಿನ ಗಿಡ ಕಡದು ಎಷ್ಟ ವರ್ಷಾಯ್ತೋ." "ಆಗ ಎಲ್ಲಾರ ತಲಿ ಮ್ಯಾಲೂ ಟೊಪಗಿ ಇರ್ತಿದ್ವು." ಒಬ್ಬ ತಾಯಿ, ಪರದೆಯ ಮೂಲೆಯಲ್ಲಿ ಒಂದು ಗಳಿಗೆ ಹಾದುಹೋದ ತಾಮ್ರದ ಕೊಡ ತಮ್ಮ ಮನೆಯದು ಎಂದರು. ನೆಗ್ಗಿದ ಜಾಗದಿಂದ ಗುರುತು ಹಿಡಿದರಂತೆ.

ಮದುಮಗಳನ್ನು ಮಾತ್ರ ಯಾರೂ ನೋಡಲಿಲ್ಲ. ಆಕೆ ಇಲ್ಲೇ ಎರಡನೇ ಸಾಲಿನಲ್ಲಿ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಾಳೆ. ಆಕೆ ಕೂಡ ತನ್ನನ್ನು ತಾನು ನೋಡಿಕೊಳ್ಳಲಿಲ್ಲ, ಹಿಂದಿನ ಗೋಡೆ ನೋಡುತ್ತಿದ್ದಳು. ಸುಣ್ಣದಲ್ಲಿ ನೀಲಿ ಹಾಕಿ ಬಳಿದ, ದೀಪದ ಗೂಡಿನ ಸುತ್ತ ಕರಿ ಹಿಡಿದ, ನಮ್ಮ ಅವ್ವ ಹಾಲಿನ ಲೆಕ್ಕದ ಗೀರು ಎಳೆಯುತ್ತಿದ್ದ ಗೋಡೆ ಅದು. ಇವತ್ತಿನ ನನ್ನ ವಿಷಯವೂ ಅದೇ.

ದತ್ತಿ ಪತ್ರದಲ್ಲಿ "ಈ ಭಾಗದ ಜನಜೀವನ" ಎಂದಷ್ಟೇ ಇದೆ ಎಂದು ಕಾರ್ಯದರ್ಶಿಗಳು ಹೇಳಿದ್ದರು. ಜನಜೀವನ ಅಂದಕೂಡಲೆ ನಮ್ಮಂಥ ಮೇಷ್ಟ್ರುಗಳು ಶಾಸನಕ್ಕೋ ಕೋಟೆಗೋ ಜಾತ್ರೆಗೋ ಕೈ ಹಾಕುತ್ತೇವೆ. ಬೀದರ ಜಿಲ್ಲೆಯಲ್ಲಿ ಅವಕ್ಕೆ ಬರವಿಲ್ಲ. ಹುಮನಾಬಾದದ ವೀರಭದ್ರನ ಜಾತ್ರೆ, ಮಾಣಿಕನಗರದ ದತ್ತ ಜಯಂತಿ, ಕಲ್ಯಾಣದ ಕೋಟೆ, ಎಲ್ಲದರ ಮೇಲೂ ಪುಸ್ತಕಗಳಿವೆ. ಆದರೆ 1975ರಲ್ಲಿ ಈ ಓಣಿಯ ಒಂದು ಮನೆಯಲ್ಲಿ ಬೆಳಗಿನ ಆರಕ್ಕೆ ಏನು ನಡೆಯುತ್ತಿತ್ತು? ಯಾರು ಮೊದಲು ಏಳುತ್ತಿದ್ದರು, ಹಲ್ಲಿಗೆ ಏನು ಹಚ್ಚುತ್ತಿದ್ದರು, ರಾತ್ರಿಯ ರೊಟ್ಟಿ ಯಾವುದರಲ್ಲಿ ಇಟ್ಟಿರುತ್ತಿದ್ದರು? ಕೇಳಿದರೆ ನೀವೆಲ್ಲ ಹೇಳಬಲ್ಲಿರಿ. ತೋರಿಸು ಎಂದರೆ ಯಾರ ಹತ್ತಿರವೂ ಏನೂ ಇಲ್ಲ. ಕ್ಯಾಮೆರಾ ನಮ್ಮ ಮನೆಗಳಿಗೆ ಬಂದದ್ದು ಲಗ್ನಕ್ಕೆ. ದಿನನಿತ್ಯಕ್ಕೆ ಅದನ್ನು ಯಾರೂ ಕರೆಯಲಿಲ್ಲ. ಹಾಗಾಗಿ ನಮ್ಮ ದಿನನಿತ್ಯವು ಕರೆಯದ ನೆಂಟನ ಹಾಗೆ ಲಗ್ನದ ಕ್ಯಾಸೆಟ್ಟಿನ ಮೂಲೆಗಳಲ್ಲಿ ಬಂದು ನಿಂತಿದೆ. ಅದನ್ನು ಅಲ್ಲೇ ಹುಡುಕಬೇಕು ಅನ್ನುವುದು ನನ್ನ ವಾದ.

ಹೊರಗಿನ ಲೋಕದಲ್ಲಿ ಮನೆಯ ಚಿತ್ರ ಅನ್ನುವುದು ಸಿನಿಮಾದಷ್ಟೇ ಹಳೆಯದು. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಲ್ಯೂಮಿಯೇರ್ ಸೋದರರು ದುಡ್ಡು ಕೊಟ್ಟು ಬಂದವರಿಗೆ ತೋರಿಸಿದ ಚಿತ್ರಗಳಲ್ಲಿ ಒಂದು, ಅಣ್ಣ ಮತ್ತು ಅವನ ಹೆಂಡತಿ ತಮ್ಮ ಕೂಸಿಗೆ ಉಣಿಸುವ ಒಂದು ನಿಮಿಷಕ್ಕೂ ಕಡಿಮೆಯ ಚಿತ್ರ. ತೆಗೆದವನು ತಮ್ಮ. ಆ ಚಿತ್ರ ನೋಡಿದವರು ಕೂಸಿಗಿಂತ ಹೆಚ್ಚಾಗಿ ಹಿಂದಿನ ಗಿಡದ ಎಲೆಗಳು ಗಾಳಿಗೆ ಅಲುಗಿದ್ದನ್ನು ಕಂಡು ಬೆರಗಾದರು ಎಂದು ಸಿನಿಮಾದ ಚರಿತ್ರೆ ಬರೆದವರು ಹೇಳುತ್ತ ಬಂದಿದ್ದಾರೆ. ನೂರು ಚಿಲ್ಲರೆ ವರ್ಷದ ಮೇಲೆ ಇವತ್ತು ನೀವೂ ಅದನ್ನೇ ಮಾಡಿದಿರಿ. ಮುಂದೆ ನನ್ನ ತಂಗಿ, ಹಿಂದೆ ಬೇವಿನ ಗಿಡ.

ಕೊಡಾಕ್ ಕಂಪನಿ 1923ರಲ್ಲಿ 16 ಮಿಲಿಮೀಟರಿನ ಫಿಲ್ಮು ತಂದಿತು, 1932ರಲ್ಲಿ 8 ಮಿಲಿಮೀಟರಿನದು, 1965ರಲ್ಲಿ ಸೂಪರ್ 8. ಅಮೆರಿಕ, ಯುರೋಪುಗಳ ಮಧ್ಯಮ ವರ್ಗ ತನ್ನ ಮಕ್ಕಳ ಹುಟ್ಟುಹಬ್ಬವನ್ನು, ಸಮುದ್ರ ದಂಡೆಯ ರಜೆಯನ್ನು ಅದರಲ್ಲಿ ತುಂಬಿಟ್ಟಿತು. ಸೂಪರ್ 8ರ ಒಂದು ಸುರುಳಿ 15 ಮೀಟರು, ಓಡಿಸಿದರೆ ಮೂರು ನಿಮಿಷ ಚಿಲ್ಲರೆ. ಅಷ್ಟಕ್ಕೆ ಕೊಡುವ ದುಡ್ಡಿಗೆ ನಮ್ಮಲ್ಲಿ ಒಂದು ಮನೆಯ ವಾರದ ಸಂತೆ ಮುಗಿಯುತ್ತಿತ್ತು. ಅದಕ್ಕೂ ಮೊದಲು ನಮ್ಮ ದೇಶದಲ್ಲಿ ಇಂಥ ಕ್ಯಾಮೆರಾ ಹಿಡಿದವರು ರಾಜರು, ಬ್ರಿಟಿಷ್ ಅಧಿಕಾರಿಗಳು, ಅವರ ಹೆಂಡಂದಿರು. ಆ ಅಧಿಕಾರಿಗಳ ಮನೆಯ ಸುರುಳಿಗಳು ಕೇಂಬ್ರಿಜ್ಜಿನ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರದಲ್ಲಿ ಜೋಪಾನವಾಗಿವೆ. ಅವುಗಳಲ್ಲಿ ಹಿಂದೂಸ್ತಾನದ ಜನ ಕಾಣುವುದು ಬಹುತೇಕ ಚಹಾದ ತಟ್ಟೆ ಹಿಡಿದೋ ಕುದುರೆಯ ಲಗಾಮು ಹಿಡಿದೋ. ಅಲ್ಲೂ ನಮ್ಮವರ ಜಾಗ ಮೂಲೆಯೇ.

ಇನ್ನೊಂದು ಸಂಗತಿ ನನಗೆ ಯಾವಾಗಲೂ ಸೋಜಿಗ. 1948ರವರೆಗೆ ನಾವು ನಿಜಾಮರ ಸಂಸ್ಥಾನದವರು. ಅದೇ ಸಂಸ್ಥಾನದಲ್ಲಿ 1940ರ ದಶಕದಲ್ಲಿ ಕ್ರಿಸ್ಟೋಫ್ ಫಾನ್ ಫ್ಯೂರರ್-ಹೈಮೆನ್‌ಡಾರ್ಫ್ ಎಂಬ ಆಸ್ಟ್ರಿಯಾದ ಮಾನವಶಾಸ್ತ್ರಜ್ಞರು ಚೆಂಚು, ಗೊಂಡ ಜನರ ನಡುವೆ ಇದ್ದು ಅವರ ಬದುಕನ್ನು ಬರೆದಿಟ್ಟರು. ಅವರು ತೆಗೆದ ಚಿತ್ರಗಳ, ಫಿಲ್ಮುಗಳ ದೊಡ್ಡ ಸಂಗ್ರಹ ಲಂಡನ್ನಿನ ಸೋಯಾಸ್ ವಿದ್ಯಾಪೀಠದಲ್ಲಿದೆ. ಕಾಡಿನ ಜನ ಹೇಗೆ ಉಂಡರು, ಹೇಗೆ ಕುಣಿದರು ಎಂದು ನೋಡಬೇಕಾದರೆ ಲಂಡನ್ನಿಗೆ ಹೋಗಬಹುದು. ಹೆದ್ದಾರಿಯ ಮಗ್ಗುಲಲ್ಲೇ ಇದ್ದ ನಮ್ಮ ಮುತ್ತ್ಯಾ ಹೇಗೆ ರಂಟೆ ಹೊಡೆದ ಎಂದು ನೋಡಲು ಎಲ್ಲಿಗೂ ಹೋಗುವಂತಿಲ್ಲ. ಓದುಬರಹದವರಿಗೆ ನಾವು ವಿಚಿತ್ರವಾಗಿ ಕಾಣಲಿಲ್ಲ, ನಮಗೆ ನಾವು ಮುಖ್ಯವಾಗಿ ಕಾಣಲಿಲ್ಲ. ಎಪ್ಪತ್ತೆರಡರ ಬರದಲ್ಲಿ ಕಲ್ಲು ಒಡೆದವರ ಕೈ ನೋಡಿ ಬೆಳೆದವನು ನಾನು. ಆ ಕೈಗಳ ಒಂದು ಚಿತ್ರ ನಮ್ಮ ಯಾವ ಮನೆಯ ಟ್ರಂಕಿನಲ್ಲಾದರೂ ಇದ್ದರೆ ಹೇಳಿ, ನಾಳೆಯೇ ಬರುತ್ತೇನೆ.

ಹೀಗೆ ಹೇಳುವಾಗ ಕಲ್ಯಾಣದ ನೆನಪಾಗದೆ ಇರದು. ಬಿಜ್ಜಳನ ಅರಮನೆಯಲ್ಲಿ ಬೆಳಗು ಹೇಗಾಗುತ್ತಿತ್ತು ಎಂಬುದು ನಮಗೆ ಅಷ್ಟಾಗಿ ತಿಳಿಯದು. ಆದರೆ ನುಲಿಯ ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆದದ್ದು, ಮೋಳಿಗೆ ಮಾರಯ್ಯ ಕಟ್ಟಿಗೆ ಹೊರೆ ಮಾರಿದ್ದು, ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅವನನ್ನು ತಿರುಗಿ ಕಳಿಸಿದ್ದು, ಇದೆಲ್ಲ ಹಳ್ಳಿಯ ಮಕ್ಕಳಿಗೂ ಗೊತ್ತು. 12ನೇ ಶತಮಾನದ ದಿನನಿತ್ಯ ಮಾತಿನಲ್ಲಿ ಉಳಿದ ಊರಿನ ಪಕ್ಕದವರು ನಾವು. ನಮ್ಮದೇ ದಿನನಿತ್ಯ ಎಲ್ಲಿ ಉಳಿಯಿತು ಎಂದರೆ ಟ್ರಂಕಿನ ತಳದ ಒಂದು ಕರಿ ಡಬ್ಬಿಯಲ್ಲಿ, ಅದೂ ಆಕಸ್ಮಿಕವಾಗಿ.

ಆ ಡಬ್ಬಿ ನಮ್ಮ ಕಡೆ ಹೇಗೆ ಬಂತು? 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ 'ಸೈಟ್' ಪ್ರಯೋಗ ನಡೆಯಿತು. ದೇಶದ 2400 ಹಳ್ಳಿಗಳಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಯವೂ ಇದ್ದವು. ಬೀದರ ಇರಲಿಲ್ಲ. ಆ ಕಡೆ ಬೀಗರಿದ್ದವರು ಹೋಗಿ ನೋಡಿ ಬಂದು ಹೇಳುತ್ತಿದ್ದರು, ನಾವು ಬಾಯಿ ತೆಗೆದು ಕೇಳುತ್ತಿದ್ದೆವು. 1977ರಲ್ಲಿ ಗುಲಬರ್ಗಾಕ್ಕೆ ದೂರದರ್ಶನ ಬಂತು. 1982ರ ಏಷ್ಯಾಡ್ ಹೊತ್ತಿಗೆ ದೇಶದಲ್ಲಿ ಬಣ್ಣದ ಟಿವಿ. 1987ರಲ್ಲಿ ರಾಮಾಯಣ ಶುರುವಾದಾಗ ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ಟಿವಿ. ರವಿವಾರ ಮುಂಜಾನೆ ಅದರ ಮುಂದೆ ಊದಿನಕಡ್ಡಿ ಹಚ್ಚುತ್ತಿದ್ದರು, ಅಂಗಳದಲ್ಲಿ ಚಪ್ಪಲಿಗಳ ರಾಶಿ. ಈ ಹೊತ್ತಿಗೆ ದುಬೈಗೆ, ಸೌದಿಗೆ ಹೋದ ನಮ್ಮ ಮುಸಲ್ಮಾನ ಗೆಳೆಯರ ಅಣ್ಣಂದಿರು ಕ್ಯಾಸೆಟ್ ಓಡಿಸುವ ವಿಸಿಪಿ ತಂದಿದ್ದರು. 1976ರಲ್ಲಿ ಜಪಾನಿನಲ್ಲಿ ಹುಟ್ಟಿದ ವಿಎಚ್‌ಎಸ್ ಕ್ಯಾಸೆಟ್ಟು ನಮ್ಮ ಊರಿಗೆ ಬಂದದ್ದು ಜೆದ್ದಾದಿಂದ ಬಂದ ಸೂಟ್‌ಕೇಸಿನಲ್ಲಿ, ಅತ್ತರಿನ ವಾಸನೆಯ ಜೊತೆಗೆ. ಹುಮನಾಬಾದದಿಂದ ಟಿವಿ, ವಿಸಿಆರ್, ಮೂರು ಸಿನಿಮಾ, ಎಲ್ಲ ಸೇರಿ ಒಂದು ರಾತ್ರಿಗೆ ಬಾಡಿಗೆ ತರುವ ರೂಢಿ ಆಮೇಲೆ ಬಂತು. ಬಸ್ಸಿನ ಮೇಲೆ ಹಾಸಿಗೆ ಸುತ್ತಿ ಟಿವಿ ತರುತ್ತಿದ್ದರು. ಮೂರನೇ ಸಿನಿಮಾ ಮುಗಿಯುವ ಹೊತ್ತಿಗೆ ಬೆಳಗಿನ ಹಾಲಿನವ ಬರುತ್ತಿದ್ದ.

ಬಾಡಿಗೆ ಕೊಡುತ್ತಿದ್ದ ಅಂಗಡಿಯವರೇ ಲಗ್ನದ ಶೂಟಿಂಗೂ ಶುರು ಮಾಡಿದರು. ನನ್ನ ತಂಗಿಯದು ನಮ್ಮ ಓಣಿಯ ಮೊದಲ ಶೂಟಿಂಗ್. ಹೆಗಲ ಮೇಲೆ ಪಾತ್ರೆಯಷ್ಟು ದೊಡ್ಡ ಕ್ಯಾಮೆರಾ, ಹಿಂದೆ ಫೋಕಸ್ ಲೈಟ್ ಹಿಡಿದ ಒಬ್ಬ ಹುಡುಗ, ಅವನ ಹಿಂದೆ ವಾಯರ್ ಎತ್ತಿ ಹಿಡಿದ ಓಣಿಯ ಹುಡುಗರ ದಂಡು. ನಮ್ಮ ಮನೆಯ ಮೀಟರು ತಡೆಯುವುದಿಲ್ಲವೆಂದು ಪಕ್ಕದ ಮನೆಯಿಂದ ವಾಯರ್ ಎಳೆದಿದ್ದರು. ಗಿರಣಿ ಚಾಲೂ ಆದಾಗಲೆಲ್ಲ ಲೈಟು ಮಂಕಾಗುತ್ತಿತ್ತು. ಕ್ಯಾಸೆಟ್ಟಿನಲ್ಲಿ ಇವತ್ತಿಗೂ ನೋಡಿ, ಅರಿಶಿಣ ಹಚ್ಚುವ ನಡುವೆ ಎಲ್ಲರ ಮುಖ ಕಪ್ಪಾಗಿ ಮತ್ತೆ ಬೆಳ್ಳಗಾಗುತ್ತದೆ. ಯಾರದೋ ಜೋಳ ಬೀಸಿದ ಗುರುತು ಅದು.

ಚಲಿಸುವ ಚಿತ್ರ ಅಂದರೆ ಏನೆಂದು ಹಿರಿಯರಿಗೆ ಅಂದಾಜಿರಲಿಲ್ಲ. ಅವರು ಕಂಡದ್ದು ಫೋಟೋ. ಕ್ಯಾಮೆರಾ ತಮ್ಮ ಕಡೆ ತಿರುಗಿದ ಕೂಡಲೆ ಕೈ ಕೆಳಗೆ ಬಿಟ್ಟು, ಉಸಿರು ಬಿಗಿಹಿಡಿದು ನಿಂತುಬಿಡುತ್ತಿದ್ದರು. ನಮ್ಮ ಆಯಿ ಹಾಗೆ ಇಪ್ಪತ್ತು ಸೆಕೆಂಡು ನಿಂತಿದ್ದಾಳೆ. ಹಿಂದೆ ಎಮ್ಮೆ ಬಾಲ ಆಡಿಸುತ್ತಿದೆ, ಮಕ್ಕಳು ಓಡುತ್ತಿದ್ದಾರೆ, ಹಂದರದ ತೋರಣ ಗಾಳಿಗೆ ಹಾರುತ್ತಿದೆ, ಆಯಿ ಮಾತ್ರ ಕಲ್ಲು. ಕೊನೆಗೆ ಆಕೆಯ ತುಟಿ ಅಲುಗುತ್ತದೆ, "ಆಯ್ತಾ?" ಎಂದಂತೆ. ನನ್ನ ಮಗಳು ಚಿಕ್ಕವಳಿದ್ದಾಗ ಇದನ್ನು ನೋಡಿ, ಟಿವಿ ನಿಂತುಹೋಯಿತು ಎಂದುಕೊಂಡಳು.

ಶೂಟಿಂಗಿನವನು ನಿರ್ದೇಶಕನೂ ಆಗಿದ್ದ. "ಅಣ್ಣಾ, ಇನ್ನೊಮ್ಮೆ ಆಯಾರ ಕೊಡ್ರಿ, ಈ ಕಡಿ ನೋಡಕೋತ" ಎಂದರೆ ಬೀಗರು ಕೊಟ್ಟ ಸೀರೆ ಕಸಿದುಕೊಂಡು ಮತ್ತೆ ಕೊಡುತ್ತಿದ್ದರು. ಹೀಗಾಗಿ ಕ್ಯಾಸೆಟ್ಟಿನ ನಡುಭಾಗ ಪೂರಾ ನಾಟಕ. ತಾಳಿ ಕಟ್ಟುವುದು, ಸುರಗಿ ಸುತ್ತುವುದು, ಅಕ್ಕಿಕಾಳು ಬೀಳುವುದು, ಎಲ್ಲ ಕ್ಯಾಮೆರಾಕ್ಕಾಗಿ ಆದದ್ದು. ಎಲ್ಲ ಲಗ್ನದಲ್ಲೂ ಒಂದೇ ತರಹ. ಅದನ್ನು ಮುಂದೆ ಓಡಿಸಿ ಎಂದು ನಾನು ಹೇಳುವುದು. ಅಂಚಿನಲ್ಲಿರುವವರಿಗೆ ತಾವು ಕ್ಯಾಮೆರಾದಲ್ಲಿದ್ದೇವೆ ಎಂದು ಗೊತ್ತಿಲ್ಲ. ಒಬ್ಬಾಕೆ ಕಂಬಕ್ಕೆ ಒರಗಿ ಕೂಸಿನ ಮೂಗು ಒರೆಸುತ್ತಾಳೆ. ಒಬ್ಬ ಕಾಕಾ ಬೀಡಿ ಹಚ್ಚಿ, ಹಿರಿಯರು ಬಂದದ್ದು ನೋಡಿ ಅಂಗೈಯಲ್ಲಿ ಮುಚ್ಚುತ್ತಾನೆ. ಹುಗ್ಗಿಯ ಕೊಪ್ಪರಿಗೆಯಲ್ಲಿ ಇಬ್ಬರು ಸೇರಿ ಹುಟ್ಟು ತಿರುವುತ್ತಾರೆ. ಎತ್ತಿನ ಗಾಡಿಯಲ್ಲಿ ಕೂತ ಹೆಂಗಸರು ಇಳಿಯುವಾಗ ಯಾವ ಕಾಲು ಮೊದಲು ಇಡುತ್ತಾರೆ, ಸೆರಗು ಯಾವ ಕೈಯಲ್ಲಿ ಹಿಡಿಯುತ್ತಾರೆ ನೋಡಿ. ಇಳಕಲ್ ಸೀರೆಯ ಕಚ್ಚೆ ಉಟ್ಟವರ ನಡಿಗೆ ಬೇರೆಯೇ. ಆ ನಡಿಗೆ ಈಗ ನಮ್ಮ ಊರಲ್ಲಿ ಇಲ್ಲ, ಬರೆದು ವಿವರಿಸಲೂ ನನಗೆ ಬರುವುದಿಲ್ಲ. ವರಾತ ಹೋದ ಹೆದ್ದಾರಿ ನೋಡಿ. ಆಗ ಅದರ ನಂಬರು 9, ಈಗ 65. ನಾಲ್ಕು ಪಟ್ಟಿ ಆಗುವುದಕ್ಕೆ ಮೊದಲಿನ ರಸ್ತೆ, ಎರಡೂ ಮಗ್ಗುಲಿಗೆ ಗಿಡ, ಬ್ಯಾಂಡಿನವರಿಗಾಗಿ ಸೋಲಾಪುರದ ಲಾರಿ ಹಾರ್ನ್ ಹೊಡೆಯದೆ ನಿಂತಿದೆ. ಅದರ ಡ್ರೈವರ್ ಕೆಳಗಿಳಿದು ಎರಡು ಹೆಜ್ಜೆ ಕುಣಿದೂ ಬಿಡುತ್ತಾನೆ.

ಹಳೆಯದೆಲ್ಲ ಚಂದ ಎಂದು ಹೇಳಲು ನಾನು ಬಂದಿಲ್ಲ. ಮೂಲೆ ನೋಡುವ ಚಟ ಹತ್ತಿದ ಮೇಲೆ ನೋಡಬಾರದ್ದೂ ಕಾಣುತ್ತದೆ. ನಮ್ಮ ಕ್ಯಾಸೆಟ್ಟಿನಲ್ಲಿ ಹಲಗಿ ಬಾರಿಸಿದವರ ಕೈಗಳಿವೆ, ಮುಖಗಳಿಲ್ಲ. ಕ್ಯಾಮೆರಾ ಅವರ ಕಡೆ ಹೋಗುತ್ತ ಹೋಗುತ್ತ ಬೇರೆ ಕಡೆ ಹೊರಳುತ್ತದೆ. ಊಟದ ಮೂರು ಪಂಗತಿ ಚಿತ್ರವಾಗಿವೆ. ನಾಲ್ಕನೆಯದು ಹಿತ್ತಲಲ್ಲಿ ಆಯಿತು, ಅಲ್ಲಿಗೆ ಲೈಟಿನ ವಾಯರ್ ಮುಟ್ಟಲಿಲ್ಲ. ಮುಟ್ಟಿಸುವ ಮನಸ್ಸೂ ಯಾರಿಗೂ ಆಗಲಿಲ್ಲ, ನನಗೂ ಆಗಲಿಲ್ಲ. ನಾನು ಆಗ ಕನ್ನಡ ಶಾಲೆಯ ಮೇಷ್ಟ್ರು, ಬಸವಣ್ಣನ ಪಾಠ ಹೇಳುತ್ತಿದ್ದವನು. ಇನ್ನೊಂದು ಕಡೆ ನಮ್ಮ ದೊಡ್ಡವ್ವ ಇದ್ದಾಳೆ. ಗಂಡ ತೀರಿಹೋದವಳೆಂದು ಅಕ್ಕಿಕಾಳಿಗೆ ಆಕೆಯನ್ನು ಮುಂದೆ ಕರೆಯಲಿಲ್ಲ. ತಂಗಿಯನ್ನು ಎತ್ತಿ ಆಡಿಸಿದವಳೇ ಆಕೆ. ಎಲ್ಲರೂ ಅಕ್ಕಿಕಾಳು ಹಾಕುವಾಗ ಬಾಗಿಲ ಸಂದಿನಲ್ಲಿ ಒಂದು ಕೈ ಮೇಲೇಳುತ್ತದೆ, ನಾಲ್ಕು ಕಾಳು ಹಾರುತ್ತವೆ. ಮದುಮಗಳ ತನಕ ಅವು ಬರುವುದಿಲ್ಲ. ನಾವು ಆ ಕೈಯನ್ನು ಮೊದಲ ಸಲ ಗಮನಿಸಿದಾಗ ದೊಡ್ಡವ್ವ ಹೋಗಿ ಹನ್ನೊಂದು ವರ್ಷವಾಗಿತ್ತು.

ಈ ಚಿತ್ರಗಳು ನೆನಪಿಗೆ ಮಾತ್ರ ಬರುತ್ತವೆ ಎಂದು ತಿಳಿಯಬೇಡಿ. ಪಂಚರ ಮುಂದೆ ಸಾಕ್ಷಿ ಹೇಳಿದ ಕ್ಯಾಸೆಟ್ಟೂ ಇದೆ. 1993ರ ಸೆಪ್ಟೆಂಬರ್ 30ರ ನಸುಕು, ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷ. ಹಿಂದಿನ ರಾತ್ರಿ ಗಣಪತಿ ಕಳಿಸಿ ದಣಿದು ಮಲಗಿದ್ದೆವು. ಕಿಲ್ಲಾರಿಯ ಭೂಕಂಪ. ಗಡಿಯ ಆಚೆ ಲಾತೂರು, ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸಾವಿರಾರು ಜನ ತಮ್ಮ ಮನೆಯ ಗೋಡೆಯಡಿಯೇ ಸತ್ತರು. ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ತೊಲೆ, ತೊಲೆಯ ಮೇಲೆ ಗೇಣುಗಟ್ಟಲೆ ಮಣ್ಣು ಹಾಕಿದ ಮಾಳಿಗೆ. ಬೇಸಿಗೆಯಲ್ಲಿ ತಂಪು ಕೊಟ್ಟ ಆ ಭಾರವೇ ಮೈಮೇಲೆ ಬಿತ್ತು. ನಮ್ಮ ಹುಮನಾಬಾದ, ಬಸವಕಲ್ಯಾಣದ ಮನೆಗಳೂ ಅದೇ ನಮೂನೆಯವು. ನಮ್ಮ ಕಡೆ ಬಹಳ ಮನೆ ಬೀಳಲಿಲ್ಲ, ಆದರೆ ನಂಬಿಕೆ ಬಿತ್ತು. ವಾರಗಟ್ಟಲೆ ಹೊಲದಲ್ಲಿ, ಅಂಗಳದಲ್ಲಿ ಮಲಗಿದೆವು. ಆಮೇಲೆ ಎಷ್ಟೋ ಜನ ಗಟ್ಟಿಯಾಗಿ ನಿಂತ ಮಾಳಿಗೆಗಳನ್ನು ತಾವೇ ಇಳಿಸಿ ತಗಡು ಹಾಕಿಕೊಂಡರು.

ಉಮರ್ಗಾ ಕಡೆ ಕೊಟ್ಟ ನನ್ನ ಕಾಕಾನ ಮಗಳ ಮನೆಯಲ್ಲೂ ಹಾಗೇ ಆಯಿತು. ಮನೆ ಇಳಿಸಿದ ಕೆಲವು ವರ್ಷಕ್ಕೆ ಅಣ್ಣ-ತಮ್ಮರ ಪಾಲಿನ ಜಗಳ. ಹಿತ್ತಲ ಬಾಗಿಲು ಯಾವ ಕಡೆ ಇತ್ತು ಎಂಬುದೇ ತಕರಾರು. ಬಾಗಿಲು ಇದ್ದ ಕಡೆಯವನಿಗೆ ದಾರಿ. ಗೋಡೆಯೇ ಇಲ್ಲದ ಮೇಲೆ ಬಾಗಿಲು ಎಲ್ಲಿಂದ ತೋರಿಸುವುದು? ಆಗ ಆಕೆಗೆ 1991ರ ತನ್ನ ಲಗ್ನದ ಕ್ಯಾಸೆಟ್ ನೆನಪಾಯಿತು. ಪಂಚರನ್ನು ಟಿವಿ ಮುಂದೆ ಕೂರಿಸಿದರು. ಮನೆ ತುಂಬಿಸಿಕೊಳ್ಳುವ ಹೊತ್ತಿಗೆ, ಹೊಸಿಲ ಮೇಲಿನ ಸೇರು ಒದೆಯುವ ಮದುಮಗಳ ಹಿಂದೆ, ರೊಟ್ಟಿಯ ಬುಟ್ಟಿ ಹೊತ್ತ ಒಬ್ಬಾಕೆ ಬಾಗಿಲೊಂದರಿಂದ ಹೊರಗೆ ಬರುತ್ತಾಳೆ. ಮೂಡಣ ದಿಕ್ಕು. ತಕರಾರು ಮುಗಿಯಿತು. ಆದರೆ ಪಂಚರಲ್ಲಿ ಒಬ್ಬರು ಮತ್ತೆ ಹಿಂದೆ ಓಡಿಸು, ಮತ್ತೆ ಓಡಿಸು ಎನ್ನುತ್ತಿದ್ದರಂತೆ. ಇನ್ನೂ ಅನುಮಾನವೇನ್ರಿ ಎಂದು ಕೇಳಿದರೆ, "ಬಾಗಿಲ ಬಿಡ್ರಿ, ಆ ಕಡಿ ಕರಿ ಮೀಸಿಯಾಂವ ನಾನೇ ಅಲ್ಲೇನು" ಅಂದರು.

ಇನ್ನು ಮಿಕ್ಸಿಂಗ್ ಎಂಬ ದೊಡ್ಡ ಅನಾಹುತ. ಶೂಟ್ ಮಾಡಿದ ಕ್ಯಾಸೆಟ್ಟನ್ನು ಹಾಗೇ ಕೊಟ್ಟರೆ ಜನಕ್ಕೆ ಸಮಾಧಾನವಿರಲಿಲ್ಲ. ಹೂವಿನೊಳಗೆ ಗಂಡು-ಹೆಣ್ಣಿನ ಮುಖ, ಹೃದಯದ ಆಕಾರ, ಪುಟ ತಿರುವಿದಂತೆ ದೃಶ್ಯ ಬದಲಾಗುವುದು, ಮೇಲೆ ಹಿಂದಿ ಸಿನಿಮಾದ ಹಾಡು, ಇವು ಬೇಕಿತ್ತು. ನಾಲ್ಕು ತಾಸಿನ ಶೂಟಿಂಗ್ ಒಂದು ಇ-180 ಕ್ಯಾಸೆಟ್ಟಿಗೆ, ಅಂದರೆ 180 ನಿಮಿಷಕ್ಕೆ ಇಳಿಯುತ್ತಿತ್ತು. ಸುಮಾರು 250 ಮೀಟರು ಉದ್ದದ ಟೇಪು. ಕತ್ತರಿಸಿದ ಒಂದು ತಾಸಿನಲ್ಲಿ ಏನಿತ್ತು? ಲಗ್ನಕ್ಕೆ ಸಂಬಂಧವಿಲ್ಲದ್ದು. ಓಣಿ, ಬಾವಿ, ಒಲೆ, ಸುಮ್ಮನೆ ಕೂತವರು. ನಾವು ಇವತ್ತು ಹುಡುಕುತ್ತಿರುವುದು ಪೂರಾ ಆ ತಾಸು. ಅದು ಕಚ್ಚಾ ಕ್ಯಾಸೆಟ್ಟಿನಲ್ಲಾದರೂ ಉಳಿಯಿತೇ ಎಂದರೆ, ಖಾಲಿ ಕ್ಯಾಸೆಟ್ ತುಟ್ಟಿ, ಅದರ ಮೇಲೆಯೇ ಮುಂದಿನ ಲಗ್ನ ಹಿಡಿಯುತ್ತಿದ್ದರು. ನಮ್ಮ ಒಬ್ಬ ನೆಂಟರ ಕ್ಯಾಸೆಟ್ಟಿನ ಕೊನೆಯಲ್ಲಿ ಅವರ ಲಗ್ನ ಮುಗಿದ ಮೇಲೆ ಮೂರು ನಿಮಿಷ ಯಾರದೋ ಕುಬಸ ನಡೆಯುತ್ತದೆ. ಮುಖದ ತುಂಬ ನಗುವಿರುವ ಬಸುರಿ. ಯಾರೆಂದು ಇವತ್ತಿಗೂ ತಿಳಿದಿಲ್ಲ. ಆ ನೆಂಟರ ಮನೆಯವರು ಇನ್ನೂ ಆಕೆಯನ್ನು ನೋಡಿ "ನಮ್ಮ ಕ್ಯಾಸೆಟ್ಟಿನ ಅಕ್ಕ" ಎನ್ನುತ್ತಾರೆ.

ಚಿತ್ರ ಅಷ್ಟಿಷ್ಟಾದರೂ ಉಳಿಯಿತು. ದನಿ ಪೂರಾ ಹೋಯಿತು. ಮೂರು ತಾಸಿನ ಉದ್ದಕ್ಕೂ ನಮ್ಮವರು ಬಾಯಿ ಆಡಿಸುತ್ತಾರೆ, ಕೇಳುವುದು ಮುಂಬಯಿಯ ಗಾಯಕರ ಕಂಠ. ಉಮರ್ಗಾದಿಂದ ಬಂದ ಬೀಗರ ಮರಾಠಿ ಬೆರೆತ ಕನ್ನಡ, ಓಣಿಯ ಚಾಚಾನ ದಖನಿ, ಹಾಡು ಕಟ್ಟಿ ಹೇಳುತ್ತಿದ್ದ ಹೆಂಗಸರ ಸೋಬಾನೆ, ಎಲ್ಲದರ ಮೇಲೂ ಸಿನಿಮಾ ಹಾಡಿನ ಗಾರೆ ಮೆತ್ತಿದ್ದಾರೆ. ಇಲ್ಲಿ ನನಗೆ ಸಂಧ್ಯಾ ಸೂರಿ ಎಂಬ ನಿರ್ದೇಶಕಿ 2005ರಲ್ಲಿ ಮಾಡಿದ 'ಐ ಫಾರ್ ಇಂಡಿಯಾ' ಎಂಬ ಸಾಕ್ಷ್ಯಚಿತ್ರ ನೆನಪಾಗುತ್ತದೆ. ಅವರ ತಂದೆ ಡಾಕ್ಟರ್ ಯಶ್ ಪಾಲ್ ಸೂರಿ 1965ರಲ್ಲಿ ಇಂಗ್ಲೆಂಡಿಗೆ ಹೋದವರು. ಸೂಪರ್ 8 ಕ್ಯಾಮೆರಾ, ಪ್ರೊಜೆಕ್ಟರು, ಟೇಪ್ ರೆಕಾರ್ಡರು ಎಲ್ಲವನ್ನೂ ಎರಡೆರಡು ಕೊಂಡು ಒಂದೊಂದನ್ನು ಭಾರತದ ಮನೆಗೆ ಕಳಿಸಿದರು. ಹತ್ತಾರು ವರ್ಷ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಚಿತ್ರ ಮತ್ತು ದನಿ ಓಡಾಡಿದವು. ಹಿಮ ಬಿದ್ದದ್ದು, ಮಕ್ಕಳು ಬೆಳೆದದ್ದು, ಮನೆಗೆ ಬಾ ಎಂದು ಹೆತ್ತವರು ಅತ್ತದ್ದು. ಅಲ್ಲಿ ದನಿ ಉಳಿದದ್ದರಿಂದ ಆ ಚಿತ್ರ ಎದೆಗೆ ನಾಟುತ್ತದೆ. ಅವರು ಕ್ಯಾಮೆರಾವನ್ನು ಸುಮ್ಮನೆ ಒಂದು ಮಂಗಳವಾರಕ್ಕೂ ಕರೆದಿದ್ದರು.

ಕ್ಯಾಸೆಟ್ ಮನೆಯಲ್ಲಿದ್ದವರಿಗೆ ಒಂದು ಮಾತು, ಇದು ಉಪನ್ಯಾಸಕ್ಕಿಂತ ಜರೂರು. ಟೇಪಿನ ಮೇಲಿನ ಕಾಂತದ ಲೇಪ ವರ್ಷ ಕಳೆದಂತೆ ಸವೆಯುತ್ತದೆ, ಮಳೆಗಾಲದ ತೇವಕ್ಕೆ ಬಿಳಿ ಬೂಸು ಹಿಡಿಯುತ್ತದೆ. ಬೂಸು ಹಿಡಿದದ್ದನ್ನು ಹಾಗೇ ಓಡಿಸಿದರೆ ಯಂತ್ರದ ಹೆಡ್ಡೂ ಹಾಳು, ಟೇಪೂ ಹಾಳು. ಓಡಿಸುವ ಯಂತ್ರವೇ ಈಗ ಅಪರೂಪ. ಜಪಾನಿನಲ್ಲಿ ಕೊನೆಯದಾಗಿ ವಿಸಿಆರ್ ಮಾಡುತ್ತಿದ್ದ ಫುನಾಯ್ ಕಂಪನಿ 2016ರ ಜುಲೈನಲ್ಲಿ ಕೈಬಿಟ್ಟಿತು. ನನಗೆ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಮೂರು ಸಲ ಅಲೆದ ಮೇಲೆ ಒಂದು ಹಳೆಯದು ಸಿಕ್ಕಿತು. ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಇದೆ, ತಣ್ಣಗಿನ ಕೋಣೆಗಳಲ್ಲಿ ಸಿನಿಮಾ ಕಾಯುತ್ತಾರೆ. ನಮ್ಮ ಊರ ಮುಂದೆ ಹೋಗುವ ಹೆದ್ದಾರಿಯ ಒಂದು ತುದಿಯೇ ಪುಣೆ. ಅಲ್ಲಿ ನಮ್ಮ ಲಗ್ನಗಳಿಗೆ ಜಾಗ ಕೇಳುವುದು ಹೆಚ್ಚಾದೀತು. ಆದರೆ ಈ ಊರಿನ ವಾಚನಾಲಯದಲ್ಲಿ ಒಂದು ಕಬ್ಬಿಣದ ಕಪಾಟು ಕೇಳಬಹುದಲ್ಲ? ಕ್ಯಾಸೆಟ್ ಕೊಟ್ಟರೆ ಕಂಪ್ಯೂಟರಿಗೆ ಇಳಿಸಿ ವಾಪಸು ಕೊಡುವ ಕೆಲಸ ನನ್ನದು. ಚಹಾ ನಿಮ್ಮದು. ಇಳಿಸುವಾಗ ಜೊತೆಗೆ ಕೂತು ಅಂಚಿನಲ್ಲಿ ಇರುವವರ ಹೆಸರು ಹೇಳಬೇಕು, ಅದೊಂದು ಕರಾರು. ಹೆಸರು ಹೇಳುವವರು ಕ್ಯಾಸೆಟ್ಟಿಗಿಂತ ಬೇಗ ಕಡಿಮೆಯಾಗುತ್ತಿದ್ದಾರೆ.

ಈಗಿನ ಹುಡುಗರು ನಗಬಹುದು. ಅವರ ಫೋನಿನಲ್ಲಿ ಎಳ್ಳಮಾವಾಸ್ಯೆಯ ಚರಗ ಚೆಲ್ಲುವುದರಿಂದ ಹಿಡಿದು ಭಜ್ಜಿ ಬಡಿಸುವವರೆಗೆ ಎಲ್ಲ ಇದೆ, ಮೇಲೆ ಹಾಡೂ ಇದೆ. ಆ ಹಾಡೇ ನನಗೆ ಅಂಜಿಕೆ. ಅದು ಹಳೆಯ ಮಿಕ್ಸಿಂಗಿನ ಮೊಮ್ಮಗ.

ಕೊನೆಗೆ ನೀವು ನೋಡಿದ ತುಣುಕಿಗೆ ಬರುತ್ತೇನೆ. ಅದನ್ನೇ ಯಾಕೆ ಆರಿಸಿದೆ ಎಂದು ಹೇಳಿಲ್ಲ. ಮಿಕ್ಸಿಂಗ್ ಮಾಡಿದವನು ಒಂದು ಹಾಡು ಮುಗಿಸಿ ಇನ್ನೊಂದು ಹಾಕುವ ನಡುವೆ ಮೈಮರೆತಿದ್ದಾನೆ. ನಲವತ್ತು ಸೆಕೆಂಡು ಹಾಡಿಲ್ಲ. ಮೊದಲು ಗಿರಣಿಯ ಟುಕು ಟುಕು. ಯಾರೋ "ಏ, ಹೌದಿನ ನೀರ ಬಂದ್ ಮಾಡ್ರೋ" ಎನ್ನುತ್ತಾರೆ. ಬಳೆಗಳ ಸದ್ದು. ಅಡುಗೆಯ ಹೊಗೆಯೊಳಗಿಂದ ನಮ್ಮ ಅವ್ವ ಹೊರಗೆ ಬರುತ್ತಾಳೆ, ಹಣೆಯ ಬೆವರನ್ನು ಮೊಣಕೈಯಿಂದ ಒರೆಸಿಕೊಳ್ಳುತ್ತ. ಆಕೆ ತೀರಿಕೊಂಡು ಇಪ್ಪತ್ತಮೂರು ವರ್ಷ. ಆಕೆಯ ದನಿ ಬೇರೆ ಎಲ್ಲೂ ಇಲ್ಲ. ಫೋಕಸ್ ಲೈಟಿಗೆ ಕಣ್ಣು ಕಿರಿದು ಮಾಡಿ, ಕ್ಯಾಮೆರಾ ಹೊತ್ತ ಹುಡುಗನನ್ನು ನೇರ ನೋಡುತ್ತಾಳೆ. ಮುಂಜಾನೆಯಿಂದ ನಿಂತೇ ಇದ್ದಾನಲ್ಲ ಎಂದು ಆಕೆಗೆ ಚಿಂತೆ. ಕ್ಯಾಮೆರಾದ ಜಾಗದಲ್ಲಿ ಈಗ ನಾನು ಕೂತಿರುತ್ತೇನೆ, ಇವತ್ತು ನೀವು ಕೂತಿದ್ದಿರಿ.

"ಉಂಡಿ ಏನೋ ಯಪ್ಪಾ? ಆ ಕಡಿ ಹುಗ್ಗಿ ಅದ, ತುಪ್ಪ ಹಾಕ್ಕೊಂಡು..."

ಅಷ್ಟರಲ್ಲಿ ಹಾಡು ಶುರುವಾಗುತ್ತದೆ.